ಒಣಗಿದ ಕೊಳವೆ

“ಗುರುಗಳೇ, ಮಗಳು ತೀರಿಕೊಂಡು ಆರು ವರ್ಷವಾಯಿತು. ಮರೆಯಲೆಂದೇ ಈ ಆಶ್ರಮಕ್ಕೆ ಬಂದೆ. ಈವರೆಗೆ ಒಂದು ಹನಿ ಕಣ್ಣೀರು ಹಾಕಿಲ್ಲ. ಆದರೂ ಜಪಕ್ಕೆ ಕೂತರೆ ಎಣಿಕೆ ತಪ್ಪುತ್ತದೆ. ಅಡುಗೆಯವನ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಇನ್ನೂ ಎಷ್ಟು ಬಿಗಿಹಿಡಿಯಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಪುಟ್ಟ ವಿಮಾನ ನಿಲ್ದಾಣದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಸಣ್ಣ ವಿಮಾನಗಳ ಎಂಜಿನ್ ರಿಪೇರಿ ಅವನ ಕೆಲಸ. ಮೂವತ್ತು ವರ್ಷ ವಿಮಾನದ ಹೊಟ್ಟೆಯ ಕೆಳಗೇ ಕಳೆದಿದ್ದ. ಒಮ್ಮೆಯೂ ಮೇಲೆ ಹೋಗಿರಲಿಲ್ಲ. ವಿಮಾನ ನೆಲ ಬಿಟ್ಟೆದ್ದಾಗಲೆಲ್ಲ ಅವನ ಕೈಯ ಸ್ಪ್ಯಾನರ್ ಹಾಗೇ ನಿಲ್ಲುತ್ತಿತ್ತು. ವಿಮಾನ ಚುಕ್ಕೆಯಾಗಿ ಕರಗುವವರೆಗೂ ನೋಡುತ್ತಿದ್ದ. ನನ್ನನ್ನೂ ಕರೆದುಕೊಂಡು ಹೋಗಿ ಎಂದು ಯಾರನ್ನೂ ಕೇಳಿದವನಲ್ಲ.

ಅಲ್ಲೊಬ್ಬ ಮುದಿ ಪೈಲಟ್ ಇದ್ದ. ಅವನದೇ ಒಂದು ಎರಡು ಸೀಟಿನ ವಿಮಾನ. ಒಂದು ಬುಧವಾರ ಬಂದವನೇ, “ಭಾನುವಾರಕ್ಕೆ ನನ್ನ ಲೈಸೆನ್ಸ್ ಮುಗೀತಪ್ಪ. ಈ ಕಣ್ಣಿಗೆ ಇನ್ನು ಕೊಡೋದಿಲ್ಲವಂತೆ. ಕೊನೇ ಸಲ ಹಾರೋವಾಗ ಪಕ್ಕದ ಸೀಟು ನಿನಗೆ. ಆದರೆ ಎಂಜಿನ್ ಎಣ್ಣೆ ಕಾರ್ತಿದೆ, ಮೊದಲು ಅದನ್ನ ನಿಲ್ಲಿಸು,” ಎಂದ.

ಮೆಕ್ಯಾನಿಕ್ ಆಗಲೇ ಕೆಲಸಕ್ಕೆ ಕೂತ. ಎಂಜಿನ್ ತೊಳೆದು ಒರೆಸಿ, ಮೇಲೆಲ್ಲ ಮುಖದ ಪೌಡರ್ ಉದುರಿಸಿದ. ಆಮೇಲೆ ಐದು ನಿಮಿಷ ಓಡಿಸಿದರೆ, ಸೋರುವ ಕಡೆ ಪೌಡರ್ ಒದ್ದೆಯಾಗಿ ಕಾಣುತ್ತದೆ.

“ಏನಯ್ಯ, ಮದುವೆಗೆ ಹೊರಡಿಸ್ತಿದ್ದೀಯಾ ಇದನ್ನ?” ಎಂದು ಪೈಲಟ್ ನಕ್ಕ.

“ಹೂಂ ಸಾರ್. ದಿಬ್ಬಣದಲ್ಲಿ ನಾನೂ ಇದ್ದೀನಲ್ಲ.”

ಒಂದು ಮುಚ್ಚಳದ ಅಂಚು ಒದ್ದೆಯಾಗಿತ್ತು. ಸಂದು ಮುಚ್ಚುವ ಗ್ಯಾಸ್ಕೆಟ್ ಬದಲಿಸಿ ಬೋಲ್ಟ್ ಬಿಗಿದ. ಅಲ್ಲಿ ಸೋರುವುದು ನಿಂತಿತು. ಗುರುವಾರ ಪಕ್ಕದ ಮುಚ್ಚಳ ಸೋರಿತು. ಅದನ್ನೂ ಬಿಗಿದ. ಶುಕ್ರವಾರ ಇನ್ನೊಂದು ಕಡೆ. ಶನಿವಾರ ಪ್ರೊಪೆಲ್ಲರ್ ಹಿಂದೆ ಎಣ್ಣೆ ತಡೆಯುವ ಸೀಲೇ ಕಿತ್ತುಬಂತು. ಊಟದ ಡಬ್ಬಿ ಬಿಚ್ಚದೆ ಹಾಗೇ ಮನೆಗೆ ಒಯ್ದ.

ಭಾನುವಾರ ಮಧ್ಯಾಹ್ನ ಅಂಗಾತ ಮಲಗಿದ್ದಾಗ, ವಿಮಾನದ ಹೊಟ್ಟೆಯಿಂದ ಇಳಿಬಿದ್ದ ಒಂದು ಕೊಳವೆ ಕಣ್ಣಿಗೆ ಬಿತ್ತು. ಎಂಜಿನ್ ಉಸಿರು ಬಿಡುವುದು ಅದರಲ್ಲೇ. ಒಳಗೆ ಒತ್ತುವ ಗಾಳಿ ಅದರ ಮೂಲಕ ಹೊರಗೆ ಹೋಗುತ್ತದೆ. ಜತೆಗೆ ನಾಲ್ಕು ಹನಿ ಎಣ್ಣೆಯೂ ತೊಟ್ಟಿಕ್ಕುತ್ತದೆ. ನೆಲ ಕೊಳೆಯಾಗುತ್ತದೆಂದು ಅವನು ಆ ಹನಿಗಳನ್ನು ಬೈದುಕೊಂಡೇ ಒರೆಸುತ್ತಿದ್ದ. ಹೋದ ತಿಂಗಳು ಹನಿ ನಿಂತಾಗ, ಪೀಡೆ ಕಳೆಯಿತು ಎಂದುಕೊಂಡಿದ್ದ. ಈ ನಾಲ್ಕು ದಿನ ಒದ್ದೆಯಾದದ್ದನ್ನೆಲ್ಲ ನೋಡಿದ. ಒಣಗಿದ್ದರ ಕಡೆ ತಿರುಗಿರಲಿಲ್ಲ.

ಕೊಳವೆಗೆ ಕಡ್ಡಿ ಹಾಕಿದ. ಗಟ್ಟಿ ಮಣ್ಣು. ಒಳಗೆ ಕಡಜ ಗೂಡು ಕಟ್ಟಿತ್ತು. ದಾರಿ ಕಾಣದ ಗಾಳಿ ಸಂದುಸಂದಿನಿಂದ ಎಣ್ಣೆಯನ್ನು ಹೊರಗೆ ದಬ್ಬುತ್ತಿತ್ತು.

ಗೂಡು ಕೆದಕಿ ತೆಗೆದ. ಕೊಳವೆ ತೊಳೆದ. ಕಿತ್ತುಬಂದ ಸೀಲಿನ ಜಾಗಕ್ಕೆ ಹೊಸದನ್ನು ಕೂರಿಸುವುದರಲ್ಲಿ ಹೊತ್ತು ಹೋಯಿತು. ಎಂಜಿನ್ ಓಡಿಸಿದ. ಪೌಡರ್ ಎಲ್ಲಿಯೂ ಒದ್ದೆಯಾಗಲಿಲ್ಲ. ಕೊಳವೆಯಿಂದ ನಾಲ್ಕು ಹನಿ ನೆಲಕ್ಕೆ ಬಿತ್ತು.

ತಲೆ ಎತ್ತಿ ನೋಡಿದರೆ ಸೂರ್ಯ ಮುಳುಗಿದ್ದ. ಆ ನಿಲ್ದಾಣದಲ್ಲಿ ದೀಪಗಳಿಲ್ಲ. ಹೊತ್ತು ಮುಳುಗಿದ ಮೇಲೆ ಯಾರೂ ಏರುವಂತಿಲ್ಲ. ಬೆಳಗಾದರೆ ಪೈಲಟನಿಗೆ ಲೈಸೆನ್ಸ್ ಇಲ್ಲ.

“ಹತ್ತಿ ಕೂತ್ಕೊ,” ಎಂದ, ಅಲ್ಲೇ ಕಾದು ನಿಂತಿದ್ದ ಪೈಲಟ್.

ಇಬ್ಬರೂ ಅಕ್ಕಪಕ್ಕ ಕೂತರು. ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಮುಗಿಯುವವರೆಗೂ ಎಂಜಿನ್ ಓಡಿತು. ಚಕ್ರ ನೆಲ ಬಿಡಲಿಲ್ಲ.

ಇಷ್ಟು ಹೇಳಿ ಗುರುಗಳು ಶಿಷ್ಯನ ಕಡೆ ತಿರುಗಿ ಕೇಳಿದರು:

“ನಿನ್ನ ಮಗಳ ಹೆಸರೇನು?”