ಗಂಡು ಹೊತ್ತ ಮರಿ

“ಗುರುಗಳೇ, ಮೋಹ ಬಿಟ್ಟು ಬಂದವನನ್ನು ಮನೆಯವರು ಹುಡುಕಿಕೊಂಡು ಬಂದರೆ ಅವನು ಏನು ಮಾಡಬೇಕು?” ಎಂದು ಅಡಿವೆಪ್ಪ ಕೇಳಿದ.

ಅವನು ಮಠ ಸೇರಿ ಎರಡು ತಿಂಗಳಾಗಿತ್ತು. ಅವನ ಹೆಂಡತಿ ಅವಳಿ ಕೂಸುಗಳನ್ನು ಎತ್ತಿಕೊಂಡು ಬೆಳಗಿನಿಂದ ಹೊರಗೆ ನಿಂತಿದ್ದಳು. ಅಡಿವೆಪ್ಪ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಬಂದಿದ್ದ. ಗುರುಗಳು ಅದನ್ನು ನೋಡಿದ್ದರು.

“ಕೂತುಕೋ, ಒಂದು ಕತೆ ಹೇಳುತ್ತೇನೆ,” ಎಂದರು. ದನಿ ಗಡುಸಾಗಿತ್ತು.

ಬಂದರಿನ ಊರಿನಲ್ಲಿ ಒಬ್ಬ ವರ್ತಕನಿದ್ದ. ಹಡಗಿನವರಿಂದ ದೂರದೇಶದ ಒಂದು ಜೋಡಿ ಪುಟ್ಟ ಕೋತಿಗಳನ್ನು ಕೊಂಡ. ಅವು ಅಳಿಲಿಗಿಂತ ತುಸು ದೊಡ್ಡವು. ಹೆಣ್ಣು ಎರಡು ಮರಿ ಹಾಕಿತು. ಎರಡೂ ಸೇರಿದರೆ ತಾಯಿಯ ತೂಕದ ಕಾಲು ಭಾಗ. ಆ ಜಾತಿಯಲ್ಲಿ ಮರಿ ಹೊರುವ ಕೆಲಸ ಬಹುಪಾಲು ಗಂಡಿನದು. ಹಾಲಿನ ಹೊತ್ತಿಗೆ ಹೆಣ್ಣಿಗೆ ಕೊಡುತ್ತದೆ, ಕುಡಿದ ಮೇಲೆ ಮತ್ತೆ ಬೆನ್ನಿಗೆ ಹಾಕಿಕೊಳ್ಳುತ್ತದೆ.

ವರ್ತಕನಿಗೆ ಇದು ಗೊತ್ತಿರಲಿಲ್ಲ. ಮರಿಗಳನ್ನು ಗಂಡು ಕಸಿದುಕೊಂಡಿದೆ ಎಂದು ತಿಳಿದು ಅದನ್ನು ಬೇರೆ ಪಂಜರಕ್ಕೆ ಹಾಕಿ ಚಿಲಕ ಜಡಿದ.

“ಕಸಿದಿಲ್ಲ ಧಣಿ,” ಎಂದಳು ಅಡುಗೆಯಾಕೆ. “ಹಾಲಿಗೆ ಸರಿಯಾಗಿ ತಾನೇ ಕೊಡುತ್ತಿತ್ತು. ದಿನಾ ನೋಡಿದ್ದೇನೆ.”

“ಗಂಡಸು ಕೂಸು ಹೊರುವುದು ನಿಮ್ಮ ಮನೆಯಲ್ಲಿ ಇರಬಹುದು,” ಎಂದು ವರ್ತಕ ನಕ್ಕ. “ತಾಯಿ ಇದ್ದಾಳಲ್ಲ, ಸಾಕು.”

ತಾಯಿ ಎರಡು ದಿನ ಹೊತ್ತಿತು. ಹಾಲೂ ಕೊಡಬೇಕು, ಹೊರಲೂ ಬೇಕು. ಮೂರನೆಯ ದಿನ ಮೇಲಿದ್ದ ಹಣ್ಣಿನ ತಟ್ಟೆಯವರೆಗೆ ಹತ್ತಲು ಆಗಲಿಲ್ಲ. ಹಾಲು ಬತ್ತಿತು. ಆಚೆ ಪಂಜರದಲ್ಲಿ ಗಂಡು ಸರಳು ಕಚ್ಚಿ ಬಾಯಿ ರಕ್ತ ಮಾಡಿಕೊಂಡಿತ್ತು. ನಾಲ್ಕನೆಯ ಬೆಳಿಗ್ಗೆ ಒಂದು ಮರಿ ಸತ್ತು ಬಿದ್ದಿತ್ತು.

“ಎಂಥ ದರಿದ್ರ ತಾಯಿ ಇದು,” ಎಂದ ವರ್ತಕ.

ಅಡುಗೆಯಾಕೆ ಅವನ ಕಣ್ಣೆದುರೇ ಎರಡೂ ಪಂಜರಗಳ ಚಿಲಕ ತೆಗೆದಳು. ಗಂಡು ಓಡಿಬಂದು ಸತ್ತ ಮರಿಯನ್ನು ಎರಡು ಸಲ ಎತ್ತಿ ನೋಡಿತು. ಆಮೇಲೆ ಉಳಿದದ್ದನ್ನು ಬೆನ್ನಿಗೆ ಹಾಕಿಕೊಂಡಿತು.

“ಯಾರನ್ನು ಕೇಳಿ ಬಿಟ್ಟೆ?”

“ಯಾರನ್ನು ಕೇಳಿ ಕೂಡಿಹಾಕಿದಿರಿ?”

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಒಂದು ಕೂಸು ಅಳತೊಡಗಿತು. ಅದನ್ನು ಕೇಳಿ ಇನ್ನೊಂದೂ ಅತ್ತಿತು.

“ಆ ವರ್ತಕ ಮಹಾ ಪಾಪಿ,” ಎಂದ ಅಡಿವೆಪ್ಪ, ಬಾಗಿಲ ಕಡೆ ನೋಡದೆ.

“ಆ ಗಂಡಿನ ಪಂಜರಕ್ಕೆ ಚಿಲಕ ಹೊರಗಿತ್ತು, ನಿನ್ನದಕ್ಕೆ ಒಳಗಿದೆ.”