ಮಣೆಗೆ ಅಂಟಿದ ವಿಮಾನ

ಗಂಗಾವಳಿ ನದಿ ಕಡಲು ಸೇರುವ ಕಡೆ ಹಮ್ಮಣ್ಣ ಮಾಸ್ತರ ಆಶ್ರಮವಿದೆ.

ಆಶ್ರಮ ಎಂದ ಕೂಡಲೇ ಜಿಂಕೆ, ನವಿಲು, ಪರ್ಣಕುಟಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಅದೊಂದು ತಗಡಿನ ಮಾಡು. ಮೊದಲು ಅಲ್ಲಿ ದೋಣಿ ಎಳೆದಿಡುತ್ತಿದ್ದರು. ಈಗ ಅಲ್ಲಿ ವಿಮಾನಗಳು ಹುಟ್ಟುತ್ತವೆ, ಅಂಗೈಗಿಂತ ತುಸು ದೊಡ್ಡವು.

ಮಾಸ್ತರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ನೌಕಾಪಡೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವರು. ವಿಮಾನಗಳನ್ನು ಹೊತ್ತು ಸಾಗುವ ಹಡಗಿನ ಮೇಲೆ ಅವರ ಯೌವನ ಕಳೆದಿತ್ತು. ಊರಿಗೆ ಮರಳಿದ ಮೇಲೆ ಆ ಹಳೆಯ ವಿಮಾನಗಳನ್ನು ರೆಸಿನ್‌ನಲ್ಲಿ ಎರಕ ಹೊಯ್ಯತೊಡಗಿದರು. ಎರಡು ದ್ರವ ಬೆರೆಸಿ ಅಚ್ಚಿಗೆ ಸುರಿಯುವುದು, ಗಟ್ಟಿಯಾದ ಮೇಲೆ ತೆಗೆದು ಉಜ್ಜಿ, ಜೋಡಿಸಿ, ಬಣ್ಣ ಹಚ್ಚುವುದು. ಊರವರು ಇದಕ್ಕೆ ಮುದುಕನ ಆಟ ಎಂದರು. ಮಾಸ್ತರು ಹೌದು ಎಂದರು.

ಕಲಿಯುತ್ತೇನೆ ಎಂದು ಬಂದವರು ಕೆಲವರು. ಉಜ್ಜಿ ಉಜ್ಜಿ ಬೇಸತ್ತು ಹೋದವರೂ ಅವರೇ. ಉಳಿದವಳು ಶೇವಂತಿ ಗುಡಿಗಾರ.

ಶೇವಂತಿಯದು ಚೌತಿಗೆ ಮಣ್ಣಿನ ಗಣಪತಿ ಮಾಡುವ ಮನೆ. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗುವಷ್ಟು ಕಾಲ ಅವಳು ಮೂರ್ತಿಗಳಿಗೆ ಕಣ್ಣು ಬರೆದಿದ್ದಳು. ಅವಳ ಕೈಚಳಕ ನೋಡಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು. ಅದು ಅವಳಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಮಾಸ್ತರು ಹೇಳಿದರು, "ಸೀ ಹಾಕ್ ಒಂದು ಮಾಡು. ಅಲ್ಬುಕರ್ಕ್ ಸಾಹೇಬರಿಗೆ."

"ಅವರು ಯಾರು ಮಾಸ್ತರೇ?"

"ಅದನ್ನ ಹಾರಿಸಿದವರು. ನಾನು ಒರೆಸಿ ಸಜ್ಜು ಮಾಡಿ ಕೊಡ್ತಿದ್ದೆ, ಅವರು ಹತ್ತಿ ಹೊರಟುಬಿಡ್ತಿದ್ರು. ಈಗ ಮಂಗಳೂರಲ್ಲಿದ್ದಾರೆ. ಕಣ್ಣು ಹೋಗ್ತಾ ಉಂಟಂತೆ. ಪೂರ್ತಿ ಹೋಗುವ ಮುಂಚೆ ಒಂದ್ಸಲ ನೋಡ್ಬೇಕು ಅಂದ್ರು."

"ಇಷ್ಟು ದೊಡ್ಡ ಕೆಲಸ ನನಗೆ ಯಾಕೆ? ನೀವೇ ಮಾಡಬಹುದಲ್ಲ?"

ಮಾಸ್ತರು ಕೈ ಮುಂದೆ ಚಾಚಿದರು. ಬೆರಳುಗಳು ನಿಲ್ಲದೆ ನಡುಗುತ್ತಿದ್ದವು.

ಶೇವಂತಿ ಅಚ್ಚುಗಳನ್ನು ಇಳಿಸಿಕೊಂಡಳು. ಇದರಲ್ಲಿ ಒಂದು ಕೂದಲೆಳೆಯ ತಪ್ಪೂ ಇರಬಾರದು ಎಂದು ಮನಸ್ಸಿನಲ್ಲೇ ಹಟ ತೊಟ್ಟಳು. ಅಂಥ ಹಟ ತೊಟ್ಟ ಮೇಲೆ ತಪ್ಪುಗಳಿಗೆ ಬಾಗಿಲು ತೆರೆದ ಹಾಗೆಯೇ, ಆದರೆ ಅದು ಹಟ ತೊಟ್ಟವರಿಗೆ ಗೊತ್ತಾಗುವುದಿಲ್ಲ.

ಸೀ ಹಾಕ್ ಎಂದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಜೆಟ್ ವಿಮಾನ. ಒಬ್ಬನೇ ಕೂರುವಷ್ಟು ಜಾಗ. ಹಡಗಿನಲ್ಲಿ ಇಕ್ಕಟ್ಟು ಎಂದು ರೆಕ್ಕೆಗಳನ್ನು ಮೇಲಕ್ಕೆ ಮಡಚಿಡುವ ಏರ್ಪಾಡು. ಇಳಿಯುವಾಗ ಹಡಗಿನ ಡೆಕ್ಕಿಗೆ ಅಡ್ಡ ಕಟ್ಟಿದ ತಂತಿ ಹಿಡಿದು ಗಕ್ಕನೆ ನಿಲ್ಲಲು ಬಾಲದಡಿಯಲ್ಲಿ ಒಂದು ಕೊಕ್ಕೆ.

ಅಚ್ಚಿನಿಂದ ತೆಗೆದ ತುಂಡುಗಳನ್ನು ಅವಳು ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದಳು. ಬಣ್ಣ ಹೇಗೆ ಕೂರುತ್ತದೆ ನೋಡೋಣವೆಂದು ಒಂದು ರೆಕ್ಕೆಗೆ ಹಚ್ಚಿದಳು. ಮಾರನೆಯ ದಿನ ಮುಟ್ಟಿದರೆ ಬಣ್ಣ ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಎದ್ದುಬಂತು.

"ಮಾಸ್ತರೇ, ಬಣ್ಣವೇ ಕೆಟ್ಟದ್ದು."

ಮಾಸ್ತರು ಸಾಬೂನು ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ ತಂದುಕೊಟ್ಟರು.

"ಇದು ಎಂತಕ್ಕೆ?"

"ತೊಳಿ. ಅಚ್ಚಿಗೆ ಸವರಿದ ಎಣ್ಣೆ ಅಂಟಿಕೊಂಡಿದೆ."

"ತೊಳೆಯುವುದಾ? ನಮ್ಮ ಗಣಪತಿಗೆ ನೀರು ಸೋಕಿದರೆ ಮುಗೀತು."

"ನಿಮ್ಮದು ನೀರಲ್ಲಿ ಮುಗಿತದೆ. ಇದು ನೀರಲ್ಲಿ ಶುರುವಾಗ್ತದೆ."

ಅವಳು ನಕ್ಕಳು. ನದಿಯ ಮೆಟ್ಟಿಲಲ್ಲಿ ಕೂತು ಒಂದೊಂದೇ ತುಂಡನ್ನು ತೊಳೆದಳು. ಅಂದು ಅವಳಿಗೆ ಸುಖವಾಗಿತ್ತು.

ಒಡಲಿನ ಎರಡು ಹೋಳುಗಳನ್ನು ಜೋಡಿಸುವ ದಿನ ಬಂತು. ಮಾಸ್ತರು ಬೋಗುಣಿಯೊಂದನ್ನು ತಂದು ಅವಳ ಮೇಜಿನ ಮೇಲೆ ಇಟ್ಟರು. ಅದರೊಳಗೆ ಬಲೆಗೆ ಕಟ್ಟುವ ಸೀಸದ ಗುಂಡುಗಳಿದ್ದವು.

ಶೇವಂತಿಗೆ ಮೊಣಕೈ ಆಡಿಸಲು ಜಾಗ ಸಾಲಲಿಲ್ಲ. ಬೋಗುಣಿಯನ್ನು ಎತ್ತಿ ಕಿಟಕಿಯಲ್ಲಿಟ್ಟಳು. ಎರಡೂ ಹೋಳುಗಳಿಗೆ ಅಂಟು ಹಚ್ಚಿ, ಗೆರೆಯೂ ಕಾಣದ ಹಾಗೆ ಒಂದು ಮಾಡಿದಳು.

"ಹೇಗಿದೆ ಮಾಸ್ತರೇ?"

"ಮುಚ್ಚಿದೆಯಾ?"

"ಮುಚ್ಚಿದೆ."

"ಆಯ್ತು," ಎಂದು ಮಾಸ್ತರು ಬೋಗುಣಿ ತೆಗೆದುಕೊಂಡು ಹೋದರು.

ಬಣ್ಣ ಶುರುವಾಯಿತು. ಬೆನ್ನಿಗೆ ಕಪ್ಪಿನತ್ತ ಹೊರಳಿದ ಬೂದಿ ಬಣ್ಣ, ಪಕ್ಕಕ್ಕೆ ತಿಳಿಹಸಿರು ಬೆರೆತ ಬಿಳುಪು. ಪೈಲಟ್ ಕೂರುವ ಗೂಡಿನೊಳಗೆ ಸಾಸಿವೆಯಷ್ಟು ಚಿಕ್ಕ ಮೀಟರುಗಳಿಗೂ ಮುಳ್ಳು ಬರೆದಳು. ದೇವರಿಗೆ ಕಣ್ಣು ಬರೆದ ಕೈ ಅಲ್ಲವೇ!

ಮಾಸ್ತರು ಬಂದು ವಿಮಾನವನ್ನು ಎತ್ತಿ ತಲೆಕೆಳಗು ಮಾಡಿದರು. ಹೊಟ್ಟೆ ಬೋಳಾಗಿತ್ತು.

"ಇಲ್ಲಿ?"

"ಅಲ್ಲಿ ಯಾರು ನೋಡ್ತಾರೆ ಮಾಸ್ತರೇ? ಮೂರ್ತಿಯನ್ನು ಮಣೆ ಮೇಲೆ ಕೂರಿಸಿದರೆ ಜನ ಮುಂದಿನಿಂದ ಕೈ ಮುಗೀತಾರೆ. ಬುಡವನ್ನು ಯಾರೂ ಬಗ್ಗಿ ನೋಡುವುದಿಲ್ಲ."

"ನಾನು ಆ ಹಡಗಿನಲ್ಲಿ ಇದ್ದಷ್ಟು ಕಾಲ ವಿಮಾನದ ಹೊಟ್ಟೆಯನ್ನೇ ನೋಡಿದ್ದು. ಅದು ಬಂದು ಇಳಿಯುವಾಗಲೂ ಹೊಟ್ಟೆಯೇ ಮೊದಲು ಕಾಣುವುದು."

ಅವಳು ಹೊಟ್ಟೆಗೂ ಬಣ್ಣ ಹಚ್ಚಿದಳು. ಕೊಕ್ಕೆಗೆ ಕಪ್ಪು ಬಿಳಿ ಪಟ್ಟೆ ಎಳೆದಳು. ಚಕ್ರದ ಕಾಲುಗಳನ್ನು ಕೊನೆಗೆ ಅಂಟಿಸಿದಳು.

ಸಾಹೇಬರು ಬರುವ ಹಿಂದಿನ ದಿನ ಕೆಲಸ ಮುಗಿಯಿತು. ಅವಳು ವಿಮಾನವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕೈ ಬಿಟ್ಟಳು.

ಬಾಲ ಟಕ್ಕೆಂದು ಮೇಜಿಗೆ ಬಡಿಯಿತು. ಮುಂದಿನ ಚಕ್ರ ಗಾಳಿಯಲ್ಲಿ ನಿಂತಿತು. ವಿಮಾನ ಮೂಗು ಮೇಲೆ ಮಾಡಿಕೊಂಡು ಕುಂಡೆ ಊರಿ ಕೂತುಬಿಟ್ಟಿತು.

ಮತ್ತೆ ಸರಿಯಾಗಿ ಇಟ್ಟಳು. ಮತ್ತೆ ಬಾಲ ಬಡಿಯಿತು.

ಅವಳಿಗೆ ಆ ಸೀಸದ ಗುಂಡುಗಳು ಎಲ್ಲಿ ಹೋಗಬೇಕಿತ್ತೆಂದು ಈಗ ಹೊಳೆಯಿತು. ಮೂಗಿನೊಳಗೆ ತೂಕ ಬೇಕಿತ್ತು. ಮೂಗು ಈಗ ಗೆರೆಯೂ ಕಾಣದಂತೆ ಮುಚ್ಚಿತ್ತು.

"ಮಾಸ್ತರೇ, ನೀವು ನೋಡಿಯೂ ಸುಮ್ಮನಿದ್ರಾ?" ಅವಳ ದನಿಯಲ್ಲಿ ಸಿಟ್ಟಿತ್ತು.

"ಎದುರಿಗೇ ಇಟ್ಟಿದ್ದೆನಲ್ಲ."

"ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ?"

"ಹೇಳಿದ್ದರೆ ಇದೊಂದು ಸರಿಯಾಗ್ತಿತ್ತು. ಮುಂದಿನದಕ್ಕೂ ನಾನೇ ಬೇಕಾಗ್ತಿತ್ತು."

"ಮುಂದಿನದು ಹಾಳಾಗಿ ಹೋಗಲಿ. ನಾಳೆ ಅವರು ಬರ್ತಾರೆ. ಕಣ್ಣು ಹೋಗುವ ಮುಂಚೆ ನೋಡ್ಬೇಕು ಅಂದವರಿಗೆ ನಾನು ಇದನ್ನ ತೋರಿಸಬೇಕಾ?"

ಮಾಸ್ತರು ಕುಂಚ ತೊಳೆಯತೊಡಗಿದರು. ಅವರು ಹೀಗೆ ಸುಮ್ಮನಾದಾಗ ಯಾರಿಗಾದರೂ ಮೈ ಉರಿಯಬೇಕು. ಶೇವಂತಿಗೂ ಉರಿಯಿತು.

ಒಡೆದು ತೂಕ ತುಂಬಲು ಹೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ, ತನ್ನ ಮನೆತನದ ದಾರಿ. ಚೌತಿ ಬಂತೆಂದರೆ ಊರವರು ತಮ್ಮ ತಮ್ಮ ಮಣೆ ತಂದು ಕೊಡುತ್ತಾರೆ. ಮೂರ್ತಿ ಆ ಮಣೆಯ ಮೇಲೆಯೇ ಏಳುತ್ತದೆ, ಅದರ ಮೇಲೆಯೇ ಮನೆಗೆ ಹೋಗುತ್ತದೆ. ಮಣೆ ಬಿಟ್ಟು ಅದು ತಾನಾಗಿ ನಿಲ್ಲಬೇಕಾದ ಪ್ರಮೇಯವೇ ಇಲ್ಲ.

ಅವಳು ಒಂದು ಹಲಗೆ ಕೊಯ್ದಳು. ಹಡಗಿನ ಡೆಕ್ಕಿನ ಹಾಗೆ ಬಣ್ಣ ಬಳಿದು ಬಿಳಿ ಗೆರೆ ಎಳೆದಳು. ವಿಮಾನದ ಮೂರೂ ಚಕ್ರಗಳನ್ನು ಅದಕ್ಕೆ ಬಿಗಿಯಾಗಿ ಅಂಟಿಸಿದಳು. ವಿಮಾನ ನೆಟ್ಟಗೆ ನಿಂತಿತು. ನೋಡಲು ಬಲು ಚೆಂದವಾಗಿತ್ತು.

ಮಾಸ್ತರು ಬಂದು ನೋಡಿದರು.

"ಅಂಟಿಸಿದೆಯಾ?"

"ಹೌದು."

"ಒಣಗಿತಾ?"

"ಒಣಗಿತು."

"ಹಾಗಾದರೆ ಊಟ ಮಾಡು," ಎಂದರು. ಅವಳು ಊಟ ಮಾಡಿದಳು, ಆದರೆ ಅನ್ನ ಸೇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅಲ್ಬುಕರ್ಕ್ ಸಾಹೇಬರು ಬಂದರು. ಬಿಳಿ ಅಂಗಿ, ನೆಟ್ಟಗಿನ ಬೆನ್ನು. ಮಗಳು ಕೈ ಹಿಡಿದು ಕರೆತಂದಳು. ಹೊಸ್ತಿಲ ಬಳಿ ಅವರು ಕಾಲಿನಿಂದಲೇ ತಡಕಿದ್ದನ್ನು ಶೇವಂತಿ ನೋಡಿದಳು.

"ಹಮ್ಮಣ್ಣ, ಎಲ್ಲಿದ್ದಿ ಮಾರಾಯ?"

"ಇಲ್ಲೇ ಸಾಹೇಬ್ರೇ, ನಿಮ್ಮ ಎದುರಿಗೆ."

ಸಾಹೇಬರು ಮುಗುಳ್ನಕ್ಕರು. "ನೋಡುವ ಅಂತ ಹೊರಟದ್ದು. ಸ್ವಲ್ಪ ತಡ ಆಯ್ತು. ಹೋದ ತಿಂಗಳು ಒಂಚೂರಾದರೂ ಬೆಳಕು ಇತ್ತು, ಈಗ ಅದೂ ಇಲ್ಲ. ಪರವಾಗಿಲ್ಲ. ಎಲ್ಲುಂಟು, ಕೊಡು."

ಶೇವಂತಿ ತಾನು ಬರೆದ ಮೀಟರಿನ ಮುಳ್ಳುಗಳನ್ನು ನೆನೆದಳು. ಅವಳಿಗೆ ಅಳು ಬಂತು.

ಮಾಸ್ತರು ಸಾಹೇಬರ ಕೈ ಹಿಡಿದು ಮೇಜಿನ ಬಳಿಗೆ ತಂದು ಬಿಟ್ಟರು. ಆ ಕೈ ಮೊದಲು ಮೂಗನ್ನು ಮುಟ್ಟಿತು, ಗೂಡಿನ ಗಾಜನ್ನು ಸವರಿತು, ರೆಕ್ಕೆಯ ಬುಡದಲ್ಲಿ ಗಾಳಿ ಒಳಹೋಗುವ ಬಾಯಿಯನ್ನು ಹುಡುಕಿಕೊಂಡಿತು.

"ಅದೇ," ಎಂದರು ಸಾಹೇಬರು. "ಅದೇ ಮಾರಾಯ." ಹೊಟ್ಟೆಯಡಿಗೆ ಬೆರಳು ಹಾಕಿ ಎತ್ತಿದರು. ವಿಮಾನದ ಜತೆ ಹಲಗೆಯೂ ಎದ್ದು ಬಂತು.

"ಇದೆಂತ ಹಮ್ಮಣ್ಣ? ಹಡಗನ್ನೂ ಸೇರಿಸಿ ಕೊಟ್ಟುಬಿಟ್ಟೆಯಾ?"

ಮಗಳು ನಕ್ಕಳು. ಸಾಹೇಬರೂ ನಕ್ಕರು. ಆದರೆ ಅವರ ಹೆಬ್ಬೆರಳು ಚಕ್ರ ಮತ್ತು ಹಲಗೆಯ ನಡುವೆ ಸಂದಿ ಹುಡುಕುತ್ತಲೇ ಇತ್ತು. ಸಿಗದಾಗ ಮೆಲ್ಲಗೆ ಕೆಳಗಿಟ್ಟರು.

"ಚೆಂದ ಉಂಟು," ಎಂದರು. ಹೊರಡುವ ಮುಂಚೆ ಬೀಗರ ಮನೆಯಲ್ಲಿ ಹೇಳುವ ಮಾತಿನ ಹಾಗಿತ್ತು ಅದು.

ಮಾಸ್ತರು ಕಿಟಕಿಯಾಚೆ ನದಿಯನ್ನು ನೋಡುತ್ತ ನಿಂತಿದ್ದರು. ಶೇವಂತಿ ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಸಾಹೇಬ್ರೇ," ಎಂದಳು. "ಅದು ನನ್ನ ತಪ್ಪು. ಮೂಗಿಗೆ ತೂಕ ಹಾಕದೆ ಮುಚ್ಚಿಬಿಟ್ಟೆ. ಕೆಳಗಿಟ್ಟರೆ ಬಾಲ ಊರಿ ಕೂತುಕೊಳ್ತದೆ. ಅದು ಕಾಣಬಾರದು ಅಂತ ಅಂಟಿಸಿದ್ದು."

"ಯಾರಿಗೆ ಕಾಣಬಾರದು ಅಂತ?"

ಅವಳು ಹಲಗೆಯನ್ನು ನೋಡಿದಳು.

"ನನಗಾ?" ಎಂದು ಸಾಹೇಬರು ಈ ಸಲ ನಿಜವಾಗಿ ನಕ್ಕರು. "ನನಗೆ ಏನೂ ಕಾಣುವುದಿಲ್ಲ ಮಗಾ. ಬಿಡಿಸಿ ಕೊಡು."

ಶೇವಂತಿ ಮಾಸ್ತರ ಮುಖ ನೋಡಿದಳು. ಮಾಸ್ತರು ಸಣ್ಣ ಕತ್ತಿಯೊಂದನ್ನು ಹಿಡಿಕೆ ಅವಳ ಕಡೆ ಮಾಡಿ ನೀಡಿದರು. ಅವಳು ಅದನ್ನು ತೆಗೆದುಕೊಂಡು ಚಕ್ರದ ಬುಡಕ್ಕೆ ಹಿಡಿದಳು.

ಹಿಂದಿನ ಚಕ್ರಗಳ ಅಂಟು ಹಾಗೂ ಹೀಗೂ ಬಿಟ್ಟಿತು. ಮುಂದಿನದು ಬಿಡಲಿಲ್ಲ. ಅವಳು ಕತ್ತಿ ಒತ್ತಿದಳು. ಕಾಲು ಚಟ್ಟೆಂದು ಮುರಿದು ಹಲಗೆಯಲ್ಲೇ ಉಳಿಯಿತು.

"ಅಯ್ಯೋ," ಎಂದಳು ಶೇವಂತಿ.

ಸಾಹೇಬರು ಕೈ ಚಾಚಿಯೇ ಇದ್ದರು. ಅವಳು ವಿಮಾನವನ್ನು ಆ ಕೈಗಳಲ್ಲಿ ಇಟ್ಟಳು.

ಅವರು ಅದನ್ನು ಮಗುಚಿ ಹೊಟ್ಟೆಯುದ್ದಕ್ಕೂ ಸವರಿದರು. ಕೊಕ್ಕೆ ಸಿಕ್ಕಿತು. ಅದನ್ನು ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿದರು.

"ಇದು ತಂತಿಗೆ ಸಿಕ್ಕಿತು ಅಂತ ಗೊತ್ತಾಗುವುದು ಬೆನ್ನಿಗೆ," ಎಂದರು. "ಕಣ್ಣಿಗೆ ಅಲ್ಲ. ಅಲ್ವಾ ಹಮ್ಮಣ್ಣ?"

"ಹೌದು ಸಾಹೇಬ್ರೇ."

ಸಾಹೇಬರು ವಿಮಾನವನ್ನು ನೇರ ಮಾಡಿ ಒಂದು ಕೈಯಲ್ಲಿ ಹಿಡಿದರು. ಕೈ ಮೆಲ್ಲಗೆ ಮೇಲೆದ್ದಿತು. ಎಡಕ್ಕೆ ವಾಲಿತು, ದೊಡ್ಡದೊಂದು ಸುತ್ತು ಹೊಡೆದು ಬಲಕ್ಕೆ ಬಂತು. ಅವರ ಕಾಲು ತಾನಾಗಿ ಬಾಗಿಲ ಕಡೆ ನಡೆಯಿತು. ಮಗಳು ಹಿಡಿಯಲು ಹೋದಳು, ಅವರು ಬೇಡವೆಂದು ಇನ್ನೊಂದು ಕೈ ಅಲ್ಲಾಡಿಸಿದರು.

ಹೊರಗೆ ನದಿಯ ಗಾಳಿ ಇತ್ತು. ಸಾಹೇಬರು ಮರಳಿನ ಮೇಲೆ ನಿಂತು, ಕೈ ಎತ್ತಿ, ವಿಮಾನವನ್ನು ಗಾಳಿಗೆ ಎದುರು ಹಿಡಿದಿದ್ದರು. ಮುಖ ನದಿಯ ಕಡೆಗೆ ಇದ್ದುದರಿಂದ ಅವರು ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ. ಬಾಯಿಯಿಂದ ಜೆಟ್ಟಿನ ಸದ್ದು ಬರುತ್ತಿದ್ದುದು ಮಾತ್ರ ಒಳಗಿದ್ದವರಿಗೂ ಚೆನ್ನಾಗಿ ಕೇಳಿಸಿತು.

ಶೇವಂತಿಗೆ ಮುರಿದ ಕಾಲಿನದೇ ಚಿಂತೆ. ಅದನ್ನು ಹಲಗೆಯಿಂದ ಕಿತ್ತು ಅಂಗೈಯಲ್ಲಿ ಹಿಡಿದುಕೊಂಡು ಮಾಸ್ತರ ಪಕ್ಕಕ್ಕೆ ಬಂದಳು.

"ಮಾಸ್ತರೇ, ಮುಂದಿನ ಕಾಲೂ ಹೋಯ್ತು. ಮೂಗಲ್ಲಿ ತೂಕವೂ ಇಲ್ಲ. ಅದನ್ನ ಇನ್ನು ಹೇಗೆ ನಿಲ್ಲಿಸುವುದು?"

ಮಾಸ್ತರು ಮರಳಿನ ಕಡೆಯಿಂದ ಕಣ್ಣು ತೆಗೆಯದೆ ಹೇಳಿದರು, "ಮೊದಲು ಅದು ಇಳೀಲಿ."