ಕರಿ ನಾಯಿಗೆ ಎಳ್ಳುಂಡೆ

ಶನಿವಾರ ಬಂತೆಂದರೆ ಹೊಳೆದಂಡೆಯ ಆ ಆಶ್ರಮದಲ್ಲಿ ಗುರುವಿಗಿಂತ ನಾಯಿಗೇ ಭಕ್ತರು ಹೆಚ್ಚು.

ನಾಯಿಯ ಹೆಸರು ಮಸಿ. ಮೂಗಿನಿಂದ ಬಾಲದವರೆಗೆ ಕಪ್ಪು. ಅದು ಮಾಡಿದ ತಪ್ಪು ಅಷ್ಟೇ. ಕರಿ ನಾಯಿಗೆ ಉಣಿಸಿದರೆ ಶನಿಕಾಟ ತಪ್ಪುತ್ತದೆಂದು ಯಾರೋ ಹೇಳಿದ್ದರು. ಕೇಳಿದವರೆಲ್ಲ ಎಳ್ಳೆಣ್ಣೆ ಸವರಿದ ರೊಟ್ಟಿ ಹಿಡಿದು ಬರುತ್ತಿದ್ದರು.

ಅಲ್ಲಿ ಒಂದು ಬೆಕ್ಕೂ ಇತ್ತು, ಹೆಸರು ಜೀರಿಗೆ. ದಾರಿಗೆ ಅಡ್ಡ ಬಂತೆಂದು ಅದೇ ಜನ ಅದಕ್ಕೆ ಕಲ್ಲು ಬೀಸುತ್ತಿದ್ದರು. ಒಂದಕ್ಕೆ ಹೆದರಿ ರೊಟ್ಟಿ, ಇನ್ನೊಂದಕ್ಕೆ ಹೆದರಿ ಕಲ್ಲು. ಅದಕ್ಕೆ ಭಕ್ತಿ ಎಂದು ಹೆಸರು.

ಗುರು ಚೆನ್ನಾಜಮ್ಮ ಎರಡನ್ನೂ ಒಂದೇ ರೀತಿ ಸಾಕಿದ್ದಳು. ಉಪ್ಪಿಲ್ಲದ ರಾಗಿರೊಟ್ಟಿಯನ್ನು ಒಲೆಯ ಪಕ್ಕ ಗರಿಗರಿಯಾಗಿ ಒಣಗಿಸಿ, ಮುರಿದು ಮಸಿಗೆ ಹಾಕುತ್ತಿದ್ದಳು. ಜೀರಿಗೆಗೆ ಹಾಲು ಕಾಸಿದ ಪಾತ್ರೆ. ನೆಕ್ಕಿ ಮುಗಿಸಿದ ಮೇಲೆ ಅದು ಹೋಗಿ ಮಸಿಯ ಹೊಟ್ಟೆಗೆ ಒರಗಿ ಮಲಗುತ್ತಿತ್ತು.

ಶಿಷ್ಯರಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದವನು ಸೋಮಲಿಂಗ. ಒಬ್ಬ ಜೋಯಿಸ ಅವನ ಅಂಗೈ ಹಿಡಿದು, "ನಿನಗೆ ಶನಿ ಹತ್ತಿರ ಬರ್ತಿದ್ದಾನೆ" ಎಂದುಬಿಟ್ಟಿದ್ದ.

ಅಂದಿನಿಂದ ಸೋಮಲಿಂಗನಿಗೆ ನೆಮ್ಮದಿಯಿಲ್ಲ. ಬಾವಿಗೆ ಇಣುಕುತ್ತಿರಲಿಲ್ಲ. ಒಲೆಯ ಮುಂದೆ ಕೂತರೆ ಪಂಚೆಗೆ ಕಿಡಿ ತಾಗೀತೆಂದು ಪದೇ ಪದೇ ಕೊಡವಿಕೊಳ್ಳುತ್ತಿದ್ದ. ಎದೆ ಸ್ವಲ್ಪ ಜೋರಾಗಿ ಬಡಿದರೆ ಇದೇ ಕೊನೆ ಎಂದು ಗೋಡೆ ಹಿಡಿದು ನಿಲ್ಲುತ್ತಿದ್ದ.

"ಅವ್ವ, ಶನಿ ಹೇಗಿರ್ತಾನೆ?" ಎಂದು ಕೇಳಿದ.

"ನಾನು ನೋಡಿಲ್ಲ."

"ಬಂದ್ರೆ ಗೊತ್ತಾಗುತ್ತಾ?"

"ಹಿಡಿಸಿಕೊಂಡೋರಿಗೆ ಗೊತ್ತಾಗುತ್ತೆ" ಎಂದಳು ಚೆನ್ನಾಜಮ್ಮ.

ಆ ಶನಿವಾರ ಅವನೇ ಕೈಯಾರೆ ಉಂಡೆ ಕಟ್ಟಿದ. ಎಳ್ಳು ಹುರಿದ, ಬೆಲ್ಲ ಪಾಕ ಮಾಡಿದ, ತುಪ್ಪ ಸುರಿದ. ಶನಿಗೆ ಕಡಿಮೆಯಾಗಬಾರದೆಂದು, ಪಾಯಸಕ್ಕೆ ಇಟ್ಟಿದ್ದ ಒಣದ್ರಾಕ್ಷಿಯನ್ನೆಲ್ಲ ಅದಕ್ಕೇ ಸೇರಿಸಿದ. ಮಸಿಗೆ ತಿನ್ನಿಸಿದ. ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ಊಟ ಮಾಡಿದ.

ಮರುದಿನ ಬೆಳಿಗ್ಗೆ ಮಸಿ ಏಳಲಿಲ್ಲ.

ಸುತ್ತಲೂ ವಾಂತಿ. ಕಣ್ಣು ತೆರೆದಿತ್ತು, ಆದರೆ ಕರೆದರೆ ಕಿವಿ ಅಲುಗಲಿಲ್ಲ. ಜೀರಿಗೆ ದೂರದಲ್ಲಿ ಕೂತು ನೋಡುತ್ತಿತ್ತು.

"ಅವ್ವ! ನಾಯಿ ಸತ್ತುಹೋದ್ರೆ ಅದರ ದೋಷಾನೂ ನನಗೇ ಬರುತ್ತಾ?"

ಚೆನ್ನಾಜಮ್ಮ ನಾಯಿಯ ಒಸಡು ಮುಟ್ಟಿ ನೋಡಿದಳು. ಒಣಗಿತ್ತು. "ಹೊಳೆ ದಾಟಿ ಓಡು. ದನದ ಡಾಕ್ಟರಮ್ಮನ್ನ ಕರ್ಕೊಂಡು ಬಾ."

ಸೋಮಲಿಂಗ ಓಡಿದ.

ಚೆನ್ನಾಜಮ್ಮ ಒದ್ದೆ ಬಟ್ಟೆಯಿಂದ ಮಸಿಯ ಬಾಯಿ ಒರೆಸಿದಳು. ನೆಲ ಬಳಿದಳು. ತುಂಬ ಹೊತ್ತಿನ ಮೇಲೆ, ಡಾಕ್ಟರಮ್ಮ ಬಂದಳೇನೋ ಎಂದು ಹೊರಗೆ ಬಂದು ನೋಡಿದರೆ ಸೋಮಲಿಂಗ ಜಗಲಿಯ ಮೇಲೆ ಕೂತಿದ್ದಾನೆ. ಕೈಯಲ್ಲಿ ನೀರಿನ ಚೊಂಬು.

"ಎಲ್ಲೋ ಡಾಕ್ಟರಮ್ಮ?"

"ಇನ್ನೂ ಹೋಗಿಲ್ಲ ಅವ್ವ. ಬೇಲಿ ದಾಟುವಾಗ ಜೀರಿಗೆ ಅಡ್ಡ ಬಂತು. ವಾಪಸ್ ಬಂದು ಒಂದು ಗಳಿಗೆ ಕೂತು ನೀರು ಕುಡಿದು ಹೋಗೋಣ ಅಂತ ಕೂತೆ. ಹೊರಟೆ. ಮತ್ತೆ ಅಡ್ಡ ಬಂತು. ನಾಯಿಗೇ ಕೇಡಾಗುತ್ತೆ ಅಂತ ಭಯ ಆಯ್ತು."

ಚೆನ್ನಾಜಮ್ಮ ಬೈಯಲಿಲ್ಲ. ಬೇಲಿಯ ಹತ್ತಿರ ಹೋಗಿ ಜೀರಿಗೆಯನ್ನು ಎತ್ತಿಕೊಂಡು ಬಂದಳು. ಅವನ ಕೈಯ ಚೊಂಬು ಕಿತ್ತುಕೊಂಡು ಬೆಕ್ಕನ್ನು ಅವನ ಕಂಕುಳಿಗೆ ತುರುಕಿದಳು.

"ಇದನ್ನ ಎತ್ಕೊಂಡೇ ಓಡು. ಕಂಕುಳಲ್ಲಿರೋ ಬೆಕ್ಕು ಅಡ್ಡ ಬರಲ್ಲ."

ಈ ಸಲ ಅವನು ನಿಲ್ಲಲಿಲ್ಲ. ಬೆಕ್ಕು ಎದೆ ಪರಚಿತು. ಬಿಡಲಿಲ್ಲ.

ತೆಪ್ಪದ ದ್ಯಾವಣ್ಣ ನೋಡಿ ನಕ್ಕ. "ಏನ್ ಸ್ವಾಮಿ, ಅಪಶಕುನಾನ ಹೊತ್ಕೊಂಡೇ ಹೊರಟ್ರಾ?"

"ಬೇಗ ಹುಟ್ಟು ಹಾಕು ದ್ಯಾವಣ್ಣ. ಮಸಿ ಸಾಯ್ತಾ ಇದೆ."

ದ್ಯಾವಣ್ಣನ ನಗು ನಿಂತಿತು. ಎರಡೂ ಕೈಯಲ್ಲಿ ಜೋರಾಗಿ ಹುಟ್ಟು ಹಾಕಿದ.

ಡಾಕ್ಟರಮ್ಮ ಬಂದಳು. ಮಸಿಯ ಹೊಟ್ಟೆ ಒತ್ತಿ ನೋಡಿದಳು. "ಏನು ತಿನ್ನಿಸಿದ್ರಿ?"

"ಎಳ್ಳುಂಡೆ. ಬೆಲ್ಲ, ತುಪ್ಪ, ಒಣದ್ರಾಕ್ಷಿ..."

"ದ್ರಾಕ್ಷೀನಾ? ಎಷ್ಟು?"

ಸೋಮಲಿಂಗ ಎರಡೂ ಕೈ ಬೊಗಸೆ ಮಾಡಿ ತೋರಿಸಿದ.

"ನಾಯಿಗೆ ಅದು ವಿಷ ಕಣ್ರೀ. ಕಿಡ್ನಿ ಹೋಗುತ್ತೆ."

"ದೇವರ ಹೆಸರಲ್ಲಿ ಕೊಟ್ಟಿದ್ದು ಡಾಕ್ಟ್ರೇ."

"ಯಾರ ಹೆಸರಲ್ಲಿ ಕೊಟ್ರೂ ವಿಷ ವಿಷಾನೇ ಸ್ವಾಮಿ." ಅವಳು ಮಸಿಯ ಮುಂಗಾಲಿನ ಕೂದಲು ಕತ್ತರಿಸಿ ಸೂಜಿ ಚುಚ್ಚಿದಳು. ಗ್ಲೂಕೋಸ್ ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟಿದಳು. "ಬೆಳಿಗ್ಗೆ ನೋಡಿದ ತಕ್ಷಣ ಬರಬಾರದಿತ್ತಾ?"

ಸೋಮಲಿಂಗ ಬೆಕ್ಕಿನ ಕಡೆ ನೋಡಿದ. ಬೆಕ್ಕು ತನ್ನ ಪಾಡಿಗೆ ಮೈ ನೆಕ್ಕಿಕೊಳ್ಳುತ್ತಿತ್ತು.

"ನಾಳೆಯೊಳಗೆ ಉಚ್ಚೆ ಹೊಯ್ದರೆ ಆಸೆ ಇದೆ. ಹೊಯ್ಯಲಿಲ್ಲ ಅಂದ್ರೆ ನನ್ನ ಕೈಲಿಲ್ಲ" ಎಂದು ಹೇಳಿ, ನಾಳೆ ಮತ್ತೆ ಬರುತ್ತೇನೆಂದು ಹೊರಟಳು.

ಸೋಮಲಿಂಗ ಮಸಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ. ಬಾಟಲಿಯಿಂದ ಹನಿ ಬಿದ್ದಾಗಲೆಲ್ಲ ನಾಯಿಯ ಹೊಟ್ಟೆ ಏರಿತೇ ಎಂದು ನೋಡಿದ. ಏರಿದರೆ ತಾನೂ ಉಸಿರು ಬಿಟ್ಟ.

"ಬದುಕುತ್ತಾ ಅವ್ವ?"

"ಗೊತ್ತಿಲ್ಲ."

"ನೀವೇ ಹಂಗಂದ್ರೆ ಹೇಗೆ? ನೀವು ಗುರು."

"ಗುರುವಾದ್ರೂ ಗೊತ್ತಿಲ್ಲದ್ದು ಗೊತ್ತಿಲ್ಲ." ಚೆನ್ನಾಜಮ್ಮ ಎದುರಿಗೆ ಕೂತಳು. "ಉಂಡೇನ ಅದಾಗೇ ತಿಂತಾ?"

ಅವನು ಬಾಟಲಿಯ ಕಡೆ ನೋಡಿದ.

"ಕೇಳ್ತಾ ಇದ್ದೀನಿ."

"ಮೊದಲು ತಿಂತು. ಆಮೇಲೆ ಮುಖ ತಿರುಗಿಸ್ತು. ನಾಯಿ ಬೇಡ ಅಂದ್ರೆ ಶನಿ ಒಪ್ಪಲಿಲ್ಲ ಅಂತ ಅರ್ಥ ಅಂದಿದ್ದ ಜೋಯಿಸ."

"ಆಮೇಲೆ?"

"ಬಾಯಿ ಬಿಡಿಸಿ ತುರುಕಿದೆ."

"ಕಚ್ಚಲಿಲ್ವಾ?"

"ಇಲ್ಲ ಅವ್ವ. ಬಾಲ ಅಲ್ಲಾಡಿಸ್ತು."

ಅಷ್ಟು ಹೇಳಿ ಸೋಮಲಿಂಗ ಮುಖ ಮುಚ್ಚಿಕೊಂಡ. ಚೆನ್ನಾಜಮ್ಮ ಅಲ್ಲೇ ಕೂತಿದ್ದಳು.

ಮರುದಿನ ಬೆಳಗಾಯಿತು. ಮಸಿ ಹಾಗೇ ಮಲಗಿತ್ತು. ಬಿಸಿಲು ಅಂಗಳಕ್ಕೆ ಬಂತು. ಡಾಕ್ಟರಮ್ಮ ಬಂದು ಇನ್ನೊಂದು ಬಾಟಲಿ ಕಟ್ಟಿದಳು. ಹೊಟ್ಟೆ ಮುಟ್ಟಿ ನೋಡಿದಳು. ಏನೂ ಹೇಳಲಿಲ್ಲ. ಸೋಮಲಿಂಗನಿಗೆ ತಡೆಯಲಾಗಲಿಲ್ಲ.

"ಏನಾದ್ರೂ ಅನ್ನಿ ಡಾಕ್ಟ್ರೇ."

"ಕಾಯ್ರಿ" ಎಂದಳು.

ಮಧ್ಯಾಹ್ನ ಜೀರಿಗೆ ಒಳಗೆ ಬಂತು. ಸೋಮಲಿಂಗನ ಮುಂದೆಯೇ, ಎಡದಿಂದ ಬಲಕ್ಕೆ ಅಡ್ಡ ಹಾದು, ಮಸಿಯ ಹೊಟ್ಟೆಗೆ ಒರಗಿ ಮಲಗಿತು. ಸೋಮಲಿಂಗ ಅದನ್ನು ಓಡಿಸಲಿಲ್ಲ. ಅದಕ್ಕೆ ಜಾಗ ಆಗಲೆಂದು ಕಾಲು ಸರಿಸಿಕೊಂಡ.

ಆಮೇಲೆ ಅವನ ತೊಡೆ ಬೆಚ್ಚಗಾಯಿತು.

ನೋಡಿದ. ಪಂಚೆ ಒದ್ದೆಯಾಗಿತ್ತು. ಒದ್ದೆ ನಿಧಾನವಾಗಿ ಹರಡುತ್ತಿತ್ತು.

"ಅವ್ವ! ಅವ್ವ, ಬನ್ನಿ! ಹೊಯ್ತು! ನನ್ನ ಮೇಲೇ ಹೊಯ್ತು!"

ಚೆನ್ನಾಜಮ್ಮ ಅಡುಗೆಮನೆಯಿಂದ ಓಡಿ ಬಂದಳು. ಕೈಯಲ್ಲಿ ರಾಗಿರೊಟ್ಟಿಯ ಹಿಟ್ಟು ಮೆತ್ತಿತ್ತು. ಮಸಿಯ ಕಿವಿ ಒಂದು ಸಲ ಅಲುಗಿತು.

ಸೋಮಲಿಂಗ ಅಳುತ್ತಾ ನಗುತ್ತಾ ಒದ್ದೆ ಪಂಚೆಯಲ್ಲೇ ಕೂತು ನಾಯಿಯ ತಲೆ ಸವರಿದ. ಸವರುತ್ತಲೇ, ಹಳೆಯ ಭಯ ಮತ್ತೆ ಇಣುಕಿದವನಂತೆ ಮೆಲ್ಲಗೆ ಕೇಳಿದ:

"ಹಾಗಾದ್ರೆ ಶನಿ ಬಿಟ್ಟು ಹೋದನಾ ಅವ್ವ?"

ಚೆನ್ನಾಜಮ್ಮ ಕೈಯ ಹಿಟ್ಟು ಉಜ್ಜಿಕೊಂಡಳು.

"ನಿನ್ನ ಶನಿ ವಿಷಯ ನನಗೆ ಗೊತ್ತಿಲ್ಲ. ಮಸಿಗೆ ಹಿಡಿದಿದ್ದ ಶನಿ ಮಾತ್ರ ಈಗ ಅದರ ತಲೆ ಸವರ್ತಾ ಕೂತಿದ್ದಾನೆ."